ಮೇಸ್ತ್ರಿಯ ತಪ್ಪಿಗೆ ತೋಟದ ಮಾಲೀಕರು ಎಷ್ಟು ಹೊಣೆ?

[ದೃಶ್ಯ: ಕೊಪ್ಪದ ಕಡೆಯ ಕಾಫಿ ತೋಟ, ಸಂಜೆಯ ತೂಕ. ಯಾರ ಮುಖವೂ ಕಾಣಬಾರದು.]

“ಮೇಸ್ತ್ರಿ ಮಾಡಿದ್ದಕ್ಕೆ ನಾನೇನು ಮಾಡಲಿ? ನನಗೆ ಗೊತ್ತೇ ಇರಲಿಲ್ಲ.” ಕೆಲಸದ ಹೆಂಗಸರು ಲೈಂಗಿಕ ಕಿರುಕುಳದ ದೂರು ಹೇಳಿದಾಗ ಮಾಲೀಕರ ಬಾಯಿಂದ ಬರುವ ಈ ಮಾತು ಕಾನೂನಿನ ಮುಂದೆ ನಿಲ್ಲುತ್ತದೆಯೇ?

ಕೊಯ್ಲಿನ ಕಾಲದಲ್ಲಿ ಹಣ್ಣಿನ ತೂಕ ನೋಡುವವನು, ಹಾಜರಿ ಹಾಕುವವನು, ನಾಳೆ ಯಾರಿಗೆ ಕೆಲಸ ಎಂದು ಹೇಳುವವನು ಮೇಸ್ತ್ರಿ. ಅವನು ಮೈ ಮುಟ್ಟಲೇಬೇಕೆಂದಿಲ್ಲ. “ನನ್ನ ಜೊತೆ ಬಂದರೆ ಹಗುರದ ಕೆಲಸ, ಇಲ್ಲದಿದ್ದರೆ ನಾಳೆಯಿಂದ ಬರಬೇಡ” ಎಂದರೂ ಅದು ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಕಿರುಕುಳವೇ. ಅಷ್ಟು ಅಧಿಕಾರವನ್ನು ಅವನ ಕೈಗೆ ಕೊಟ್ಟವರು ಯಾರು? ಮಾಲೀಕರೇ ತಾನೇ?

[ದೃಶ್ಯ: ಆಳುಗಳನ್ನು ತುಂಬಿಕೊಂಡು ಘಾಟಿ ಹತ್ತುವ ಜೀಪು.]

“ಇವರು ನಮ್ಮ ಆಳುಗಳಲ್ಲ, ಕಂಟ್ರಾಕ್ಟರ್ ಕರೆತಂದವರು” ಎಂಬ ಇನ್ನೊಂದು ನೆಪವಿದೆ. ದಿನಗೂಲಿಯವರು, ಗುತ್ತಿಗೆಯವರು, ಮಾಲೀಕರಿಗೆ ತಿಳಿಯದೆಯೇ ಕೆಲಸಕ್ಕೆ ಸೇರಿಸಿಕೊಂಡವರು ಕೂಡ ಈ ಕಾಯ್ದೆಯ ಪ್ರಕಾರ ಉದ್ಯೋಗಿಗಳು. ಮಾಲೀಕರು ಕಳಿಸಿದ ಜೀಪೂ ಕೆಲಸದ ಸ್ಥಳವೇ.

ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಅಮೆರಿಕದಲ್ಲಿ 1998ರ ಸುಪ್ರೀಂ ಕೋರ್ಟ್ ತೀರ್ಪುಗಳ ನಂತರ, ಮೇಲ್ವಿಚಾರಕನ ಕಿರುಕುಳ ಕೆಲಸದಿಂದ ತೆಗೆಯುವಲ್ಲಿಗೆ ಮುಟ್ಟಿದರೆ ಹೊಣೆ ನೇರವಾಗಿ ಸಂಸ್ಥೆಯದು. ನಮ್ಮ ಕಾಯ್ದೆಯಲ್ಲಿ ಪರಿಹಾರದ ಹಣವನ್ನು ಮುರಿದುಕೊಳ್ಳುವುದು ತಪ್ಪಿತಸ್ಥನ ಸಂಬಳದಿಂದ. ಮಾಲೀಕರು ಸಿಕ್ಕಿಬೀಳುವುದು ತಮ್ಮ ಕರ್ತವ್ಯ ಮಾಡದಿದ್ದಾಗ: ಹತ್ತು ಅಥವಾ ಹೆಚ್ಚು ಜನರಿದ್ದೂ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ರಚಿಸದಿದ್ದರೆ, ಸಮಿತಿಯ ವರದಿ ಬಂದು 60 ದಿನಗಳಲ್ಲಿ ಕ್ರಮ ಕೈಗೊಳ್ಳದಿದ್ದರೆ. ದಂಡ 50,000 ರೂಪಾಯಿಯವರೆಗೆ. ದೊಡ್ಡ ತೋಟಕ್ಕೆ ಅದೊಂದು ಲೆಕ್ಕವೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಮತ್ತೆ ಅದೇ ತಪ್ಪು ಮಾಡಿದರೆ ದಂಡ ಇಮ್ಮಡಿಯಾಗುತ್ತದೆ, ಪರವಾನಗಿಯೂ ರದ್ದಾಗಬಹುದು. ಭಯ ಹುಟ್ಟಿಸುವುದು ಇದು.

[ದೃಶ್ಯ: ತಾಲ್ಲೂಕು ಕಚೇರಿಯ ಮೆಟ್ಟಿಲು.]

ದೂರನ್ನು ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಬರೆಯಲು ಬಾರದವರಿಗೆ ದೂರು ಬರೆಯಲು ನೆರವಾಗುವುದು ಸಮಿತಿಯ ಕೆಲಸ, ಉಪಕಾರವಲ್ಲ. ವಿಚಾರಣೆ ನಡೆಯುವಾಗ ಆಕೆ ಕೇಳಿದರೆ ಮೂರು ತಿಂಗಳವರೆಗೆ ರಜೆ ಕೊಡಿಸಲು ಸಮಿತಿ ಶಿಫಾರಸು ಮಾಡಬಹುದು.

ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ಮಾಲೀಕನೇ ಆರೋಪಿಯಾದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಅದಕ್ಕಾಗಿ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಬಸ್ ಹತ್ತಬೇಕಿಲ್ಲ. ದೂರು ಪಡೆಯಲು ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು, ಅವರು ಅದನ್ನು 7 ದಿನಗಳೊಳಗೆ ಸಮಿತಿಗೆ ಕಳಿಸಬೇಕು ಎನ್ನುತ್ತದೆ ಕಾಯ್ದೆ.