ಮತ್ತಿನ ಔಷಧಿಗೆ ಅಂಜ್ತೀರಿ, ನೋವಿಗೆ ಅಂಜಂಗಿಲ್ಲೇನು?

ಏನ್ರೀ, ಎಲ್ಲಾರೂ ಆರಾಮದೀರಿಲ್ಲ? ಕೊಪ್ಪಳದ ಬಿಸಿಲಿಗೆ ತಲಿ ಕಾದಿತ್ತು, ಅದರ ಮ್ಯಾಲ ಈ ಕಾಮೆಂಟ್ ಓದಿ ಪೂರಾ ಸುಟ್ಟು ಹೋತು. "ದಿನ ತುಂಬದ ಕೂಸಿಗೆ ಹರ್ನಿಯಾ ಆಪರೇಷನ್ ಬ್ಯಾಡ, ಮತ್ತಿನ ಔಷಧಿ ರೋಗ ತಡಿಯೋ ಶಕ್ತಿನ ನುಂಗತೈತಿ." ಬರದಾವ ಡಾಕ್ಟರಲ್ಲ. ನಾನೂ ಅಲ್ಲ, ಆದ್ರ ಮೈಕ್ ನನ್ನ ಕೈಯಾಗೈತಿ.

ತಾಯಿ ರಕ್ತದಾಗಿನ ಪ್ರತಿಕಾಯ, ಅಂದ್ರ ರೋಗದ ಜೋಡಿ ಕಾದಾಡೋ ಕಣ, ಬಹುಪಾಲು ಕೂಸಿಗೆ ದಾಟೋದು ಬಸಿರಿನ ಕಡೀ ಮೂರು ತಿಂಗಳದಾಗ. 37 ವಾರ ಆಗೂ ಮೊದಲ ಹುಟ್ಟಿದ್ದಕ್ಕ ಬುತ್ತಿ ಪೂರಾ ಕಟ್ಟಿರಂಗಿಲ್ಲ. ಶಕ್ತಿ ಕಮ್ಮಿ ಇರೋದು ಅದಕ್ಕ. ಮತ್ತಿನ ಡಾಕ್ಟರ್ ಏನ್ ಕದ್ದಾರ ಪಾಪ?

"ನೋವು ಕಳಿಯಾಕ ಕೊಡೋ ಮಾರ್ಫಿನ್ ಬಿಳಿ ರಕ್ತಕಣ ಮಂಕ್ ಮಾಡ್ತೈತಿ, ಲ್ಯಾಬಿನಾಗ ನೋಡ್ಯಾರ." ನೋಡ್ಯಾರ್ರೀ, ಗಾಜಿನ ತಟ್ಟ್ಯಾಗ! ತಟ್ಟಿಗೆ ಯಾರಾದ್ರೂ ಕತ್ತರಿ ಹಾಕಿದ್ರೇನು? ಕೂಸಿನ ಮೈಗೆ ಹಾಕ್ತಾರ. ನೋವಾದ್ರ ಮೈಯಾಗ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಏರ್ತೈತಿ, ಅದೂ ಅದ ಶಕ್ತಿನ ತಗ್ಗಿಸ್ತೈತಿ. ಔಷಧಿಗೆ ಅಂಜ್ತೀರಿ, ನೋವಿಗೆ ಅಂಜಂಗಿಲ್ಲ!

1980ರ ದಶಕದ ತನಕ ಎಷ್ಟೋ ಕಡೆ ಇಂಥ ಕೂಸುಗಳಿಗೆ ಅಲುಗಾಡದಂಗ ಮಾಡೋ ಔಷಧಿ, ಒಂದೀಟು ನೈಟ್ರಸ್ ಆಕ್ಸೈಡ್ ಅನ್ನೋ ಹಗುರ ಮತ್ತಿನ ಗಾಳಿ ಕೊಟ್ಟು ಎದಿ ಕೊಯ್ತಿದ್ರು. ನೋವಿಗೆ ಗಟ್ಟಿ ಔಷಧಿ ಇಲ್ಲ! ಆಕ್ಸ್‌ಫರ್ಡಿನಾಗಿದ್ದ ನಮ್ಮ ಭಾರತದವರೇ ಡಾ. ಆನಂದ್, ಕೆಲವು ಕೂಸುಗಳಿಗೆ ಜೊತಿಗೆ ಫೆಂಟನಿಲ್ ಅನ್ನೋ ಗಟ್ಟಿ ನೋವಿನ ಔಷಧಿ ಕೊಟ್ಟು, ಕೊಡದ ಕೂಸುಗಳ ಜೋಡಿ ಹೋಲಿಸಿ ನೋಡಿದ್ರು. 1987ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕ್ಯಾಗ ಬಂತು: ಫೆಂಟನಿಲ್ ಸಿಕ್ಕ ಕೂಸುಗಳ ಮೈ ಕಡಿಮಿ ಕಂಗಾಲಾತು, ಆಪರೇಷನ್ ಆದಮ್ಯಾಲಿನ ತೊಂದ್ರಿನೂ ಕಡಿಮಿ. ನಾನ್ ಹೇಳಿದ್ದಲ್ಲಪ್ಪ, ಕೂಸುಗಳ ರಕ್ತನ ಹೇಳ್ತು. ಔಷಧಿ ಅಲ್ರೀ, ನೋವು! ನೋವು!

"ಡೆಕ್ಸಾಮೆಥಾಸೋನ್ ಶಕ್ತಿ ತಗ್ಗಿಸಂಗಿಲ್ಲೇನು?" ತಗ್ಗಿಸ್ತೈತಿ. ಆದ್ರ ಅದು ಸ್ಟೆರಾಯ್ಡ್, ಮತ್ತಿನ ಔಷಧಿ ಅಲ್ಲ, ಅದಕ್ಕ ಬ್ಯಾರೇನ ವಿಡಿಯೋ ಮಾಡ್ತೀನಿ, ಬೆಲ್ ಒತ್ರಿ. ಅಂಜಲೇಬೇಕಂದ್ರ ಉಸಿರಿಗೆ ಅಂಜ್ರಿ. ಇಂಥ ಕೂಸು ಮತ್ತಿಳಿದ ಮ್ಯಾಲೂ ನಡುನಡುವ ಉಸಿರು ನಿಲ್ಲಿಸಬಹುದು. "ರಾತ್ರಿ ಮಾನಿಟರ್ ಹಾಕಿ ಇಟ್ಕೋತೀರೇನ್ರಿ?" ಅಂತ ಡಾಕ್ಟರಿಗೆ ಕೇಳ್ರಿ. ಅದನ್ನ ಯಾರೂ ಕಾಮೆಂಟಿನಾಗ ಬರಿಯಂಗಿಲ್ಲ!

ಇನ್ನೊಬ್ಬಾವ ಅಂತಾನ, "ನಮ್ಮ ಅಜ್ಜಿ ಕಾಲದಾಗ ಮತ್ತೂ ಇಲ್ಲ ಏನೂ ಇಲ್ಲ, ಎಲ್ಲಾ ಕೂಸೂ ಗಟ್ಟಿ." ಗಟ್ಟಿ ಇಲ್ಲದ್ದು ಕಾಮೆಂಟ್ ಹಾಕಾಕ ಉಳದಿಲ್ಲೋ ತಮ್ಮಾ! ನೋವು ಅಂದ್ನೆಲ್ಲ, ನೋವು. ಇನ್ನೇನ್ ಹೇಳ್ಲಿ? ಶೇರ್ ಮಾಡ್ರಿ, ಆ ಅಣ್ಣಗೂ ಕಳಸ್ರಿ. ಒಗ್ಗರಣಿ ಮಿರ್ಚಿ ಬಂತು, ನಾ ಹೊಂಟೆ.