ಕುದುರೆಗಾಡಿ ದಾರೀಲಿ ಹುಟ್ಟಿದ ಆಲ್ಬಮ್, 30 ವರ್ಷ ಕೇಳೋರೇ ಇರ್ಲಿಲ್ಲ

ವಾಷ್ಟಿ ಬನ್ಯನ್ ಅನ್ನೋ ಗಾಯಕಿ ಹೆಸರು ನಮ್ಮ ಶಿವಮೊಗ್ಗ ಕಡೆ ಕೇಳಿರೋರು ಕಮ್ಮಿ ಮಾರಾಯ್ರೆ, ಅಲ್ಲಿ ಇಂಗ್ಲೆಂಡಲ್ಲೇ ಬಹಳ ವರ್ಷ ಅವ್ರನ್ನ ಯಾರೂ ಕೇಳ್ತಿರ್ಲಿಲ್ಲ. 1970ರಲ್ಲಿ ಅವ್ರ ಮೊದಲ ಆಲ್ಬಮ್ ಬಂತು, 'ಜಸ್ಟ್ ಅನದರ್ ಡೈಮಂಡ್ ಡೇ' ಅಂತ, ಬಹುತೇಕ ಹಾಡು ಬರೆದಿದ್ದೂ ಅವ್ರೇ ಹಾಡಿದ್ದೂ ಅವ್ರೇ, ಮಾರಾಟ ಆಗ್ಲಿಲ್ಲ, ಬೇಜಾರಾಗಿ ಹಾಡೋದನ್ನೇ ಬಿಟ್ಬಿಟ್ರು.

ಆ ಹಾಡುಗಳು ಹುಟ್ಟಿದ್ದು ರಸ್ತೇಲಿ. 1968ರಲ್ಲಿ ಆಕೆ ಮತ್ತೆ ಗೆಳೆಯ ರಾಬರ್ಟ್ ಲೂಯಿಸ್ ಸೇರ್ಕೊಂಡು ಒಂದು ಹಳೇ ಗಾಡಿಗೆ ಬೆಸ್ ಅನ್ನೋ ಕುದುರೆ ಕಟ್ಟಿ, ಜೊತೆಗೊಂದು ನಾಯಿ ಕರ್ಕೊಂಡು, ಲಂಡನ್ ಕಡೆಯಿಂದ ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳಿಗೆ ಹೊರಟ್ರು. ಸ್ಕೈ ದ್ವೀಪದ ಹತ್ರ ಗಾಯಕ ಡೊನೊವನ್ ಜಾಗ ತಗೊಂಡಿದ್ರು, ಕಲಾವಿದರೆಲ್ಲ ಒಟ್ಟಿಗೆ ಬದುಕೋಣ ಅಂತ, ಅದನ್ನ ನಂಬ್ಕೊಂಡು ವರ್ಷಕ್ಕಿಂತ ಜಾಸ್ತಿ ದಾರಿ ಸವೆಸಿದ್ರು, ಇವ್ರು ಮುಟ್ಟೋ ಹೊತ್ತಿಗೆ ಡೊನೊವನ್ ಅಲ್ಲಿಂದ ಹೋಗಿಯಾಗಿತ್ತು.

ಕೆಲವರು ಈ ಆಲ್ಬಮ್ ಮಕ್ಕಳ ಪದ್ಯದ ಥರ ಇದೆ ಅಂತಾರೆ. ನಂಗೆ ಸುತಾರಾಂ ಒಪ್ಪಿಗೆ ಇಲ್ಲ. ಒಂದು ಹಾಡಲ್ಲಿ ಬಿಸಿಲು, ಒಂದರಲ್ಲಿ ಮಿಂಚುಹುಳ, ಒಂದಂತೂ ಬೆಸ್ ಕುದುರೆಗೇ ಹಾಡಿದ್ದು, ನಿಜ, ಆದ್ರೆ ಆ ಹಾಡಿನ ಹಿಂದೆ ಚಳಿ ಇದೆ, ಗಾಡೀಲಿ ಮಲಗಿದ ರಾತ್ರಿಗಳಿವೆ, ಕುದುರೆ ಮೇವಿನ ಚಿಂತೆ ಇದೆ. ಆಷಾಢದಲ್ಲಿ ವಾರಗಟ್ಲೆ ಬಟ್ಟೆ ಒಣಗದೆ ಬಚ್ಚಲೊಲೆ ಮೇಲೆ ಹರವೋ ಆಗುಂಬೆ, ಹೊಸನಗರದ ಜನಕ್ಕೆ ಬಿಸಿಲಿನ ಹಾಡು ಯಾಕೆ ಬೇಕಾಗುತ್ತೆ ಅಂತ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ಇವು ನಾಳೆ ಬೆಳಿಗ್ಗೆ ಮತ್ತೆ ಗಾಡಿ ಹೂಡ್ಬೇಕು ಅನ್ನೋರ ಹಾಡು, ದಣಿದವರ ಹಾಡು, ಅದಕ್ಕೇ ಅಷ್ಟು ಮೆತ್ತಗಿವೆ.

ಪ್ರೊಡ್ಯೂಸ್ ಮಾಡಿದ್ದು ಜೋ ಬಾಯ್ಡ್. ಕೆಲವು ಹಾಡಿಗೆ ವಾದ್ಯಗಳ ಅರೇಂಜ್ಮೆಂಟ್ ರಾಬರ್ಟ್ ಕರ್ಬಿ ಅವ್ರದ್ದು, ಇಂಗ್ಲಿಷ್ ಗಾಯಕ ನಿಕ್ ಡ್ರೇಕ್ ಜೊತೆ ಕೆಲಸ ಮಾಡಿದೋರು. ಪಿಟೀಲು, ಹಾರ್ಪ್, ಮ್ಯಾಂಡೊಲಿನ್ ಎಲ್ಲ ಇದ್ರೂ ಯಾವ್ದೂ ಆ ಸಣ್ಣ ದನಿ ಮೇಲೆ ಏರಿ ಹೋಗಲ್ಲ. ಪಿಸುಗುಟ್ಟಿದ ಹಾಗೆ ಹಾಡ್ತಾರೆ, ಕೇಳಿ ಕೇಳಿ ಅಂತ ಯಾರನ್ನೂ ಕರೆಯಲ್ಲ, ಆಗ ಜನ ಗಮನಿಸದೆ ಇದ್ದಿದ್ದಕ್ಕೂ ಅದೇ ಕಾರಣ ಅಂತ ನನ್ನ ಅನಿಸಿಕೆ.

2000ದಲ್ಲಿ ಮತ್ತೆ ರಿಲೀಸ್ ಆಯ್ತು, ಹೊಸ ಹುಡುಗರು ಹುಡುಕಿ ಕೇಳಿದ್ರು, 2005ರಲ್ಲಿ ಎರಡನೇ ಆಲ್ಬಮ್ಮೂ ಬಂತು, ಮಧ್ಯೆ 35 ವರ್ಷ. ಈ 'ಕಳೆದುಹೋಗಿ ಸಿಕ್ಕಿದ' ಕಥೇನೇ ಎಲ್ಲರೂ ಹೇಳ್ತಾರೆ, ದಯವಿಟ್ಟು ಕಥೆಗೇ ನಿಲ್ಲಬೇಡಿ, ಅರ್ಧ ಗಂಟೆ ಆಲ್ಬಮ್ ಅಷ್ಟೇ, 'ರೋಸ್ ಹಿಪ್ ನವೆಂಬರ್' ಹಾಡಿಂದ ಶುರು ಮಾಡಿ, ಕೇಳಿ ಹೇಗನ್ನಿಸ್ತು ಹೇಳಿ.