ಕಾಗದಕ್ಕೆ ಹೆಸರಿದೆ, ಅಕ್ಷರಕ್ಕಿಲ್ಲ

ಅಧ್ಯಕ್ಷರೇ, ಪ್ರಕಾಶನ ಮತ್ತು ಪುಟವಿನ್ಯಾಸದಲ್ಲಿ ತೊಡಗಿರುವ ಗೆಳೆಯರೇ,

ನಮ್ಮ ಪುಸ್ತಕಗಳ ಒಳಪುಟದಲ್ಲಿ ಬಳಸಿದ ಕಾಗದ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಮ್ಯಾಪ್‌ಲಿಥೊ, ಆಕಾರ 1/8 ಡೆಮಿ ಎಂದು ತಪ್ಪದೆ ಅಚ್ಚಾಗಿರುತ್ತದೆ. ಓದುಗ ಕಣ್ಣಿಟ್ಟು ನೋಡುವುದು ಅಕ್ಷರವನ್ನು. ಆದರೆ ಆ ಅಕ್ಷರ ಯಾವ ಫಾಂಟಿನದು ಎಂಬುದನ್ನು ಮಾತ್ರ ಯಾರೂ ನಮೂದಿಸುವುದಿಲ್ಲ. ಈ ದೂರನ್ನು ನಾನು ಇಂದು ಮತ್ತೆ ಮತ್ತೆ ಹೇಳುವವನಿದ್ದೇನೆ, ದಯವಿಟ್ಟು ಸಹಿಸಿಕೊಳ್ಳಿ.

ಪ್ರಕಾಶಕ ಮಿತ್ರರೊಬ್ಬರು ಹಳೆಯ ಕವನ ಸಂಕಲನವೊಂದರ ಪಿಡಿಎಫ್ ಹಿಡಿದು ಮನೆಗೆ ಬಂದರು. ಡಿಟಿಪಿ, ಅಂದರೆ ಗಣಕದಲ್ಲಿ ಪುಟಜೋಡಣೆ, ಮಾಡಿಕೊಟ್ಟವರು ಅಂಗಡಿ ಮುಚ್ಚಿದ್ದರು, ಪುಟ ಜೋಡಿಸಿದ ಪೇಜ್‌ಮೇಕರ್ ತಂತ್ರಾಂಶದ ಕಡತ ಕಳೆದುಹೋಗಿತ್ತು, ಮರುಮುದ್ರಣಕ್ಕೆ ಮೂರೇ ಸಾಲು ತಿದ್ದಬೇಕಿತ್ತು. ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಎಂಬ ವಿಭಾಗವನ್ನು ತೆರೆದರೆ ಹೆಸರು ಸಿಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅಲ್ಲಿ ಆರು ದೊಡ್ಡ ಇಂಗ್ಲಿಷ್ ಅಕ್ಷರ, ಒಂದು ಕೂಡುವ ಚಿಹ್ನೆ, ಆಮೇಲೆ ಫಾಂಟಿನ ಹೆಸರು ಕಂಡಿತು. ಆ ಆರು ಅಕ್ಷರಗಳನ್ನೂ ಹೆಸರಿನ ಭಾಗವೆಂದೇ ನಂಬಿ ಒಂದು ವಾರ ಅಂತರ್ಜಾಲವನ್ನೆಲ್ಲ ಜಾಲಾಡಿದರಂತೆ! ಅವು ತಂತ್ರಾಂಶ ತಾನೇ ಹಾಕಿಕೊಳ್ಳುವ ಗುರುತು. ಇಡೀ ಫಾಂಟು ಇಲ್ಲಿಲ್ಲ, ಈ ಕಡತಕ್ಕೆ ಬೇಕಾದ ಅಕ್ಷರರೂಪಗಳಷ್ಟೇ ಇವೆ ಎಂದು ಅದರ ಅರ್ಥ. ಹಾಗಾದರೆ ಅಷ್ಟನ್ನೇ ಹೊರತೆಗೆದು ಬಳಸೋಣ ಎಂದರು ಮಿತ್ರರು. ತಿದ್ದುಪಡಿಗೆ ಬೇಕಾದ ಪದ ‘ಛಲ’. ಹುಡುಕಿದರೆ ಸಂಕಲನದಲ್ಲಿ ‘ಇಚ್ಛೆ’ ಇತ್ತು, ‘ಛಲ’ ಇರಲಿಲ್ಲ. ಛಕಾರದ ಒತ್ತು ಕಡತದೊಳಗೆ ಸೇರಿತ್ತು, ಪೂರ್ಣಾಕ್ಷರ ಸೇರಿರಲಿಲ್ಲ.

ಇಂಥ ಪಿಡಿಎಫ್‌ನ ಕನ್ನಡವನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಏನಾಗುತ್ತದೆ ಎಂಬುದನ್ನು ನೀವೆಲ್ಲ ಕಂಡಿದ್ದೀರಿ. ‘ನುಡಿ’ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕರ್ನಾಟಕ’ ಎಂಬ ಪದವು ರೋಮನ್ ಲಿಪಿಯ ‘ಪಿ’, ನೆತ್ತಿಯ ಮೇಲೆ ಓರೆಗೆರೆ ಹೊತ್ತ ‘ಎ’, ಪೌಂಡಿನ ಚಿಹ್ನೆ ಎಂದು ಮೊದಲಾಗುತ್ತದೆ. ಇದು ಕಸವಲ್ಲ: ‘ಪಿ’ಯ ಮನೆಯಲ್ಲಿ, ಅಂದರೆ ಗಣಕ ಅದಕ್ಕೆ ಕೊಟ್ಟ ಸಂಕೇತದ ಜಾಗದಲ್ಲಿ, ಕಕಾರದ ಒಡಲು ಕುಳಿತಿದೆ, ಓರೆಗೆರೆಯ ‘ಎ’ಯಲ್ಲಿ ತಲೆಕಟ್ಟು, ಪೌಂಡಿನಲ್ಲಿ ನಕಾರ. ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ‘ನಾ’ದ ನಂತರ ಬರುತ್ತದೆ, ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್‌ನಲ್ಲಾದರೋ ಉಚ್ಚಾರಣೆಯ ಕ್ರಮದಂತೆ ರೇಫವು (‘ರ್’) ನಕಾರಕ್ಕಿಂತ ಮೊದಲೇ ಇರಬೇಕು. ಬೇರೆ ಸಂಸ್ಥೆಯ ಫಾಂಟಿನಲ್ಲಿ ಈ ಮನೆಗಳ ಹಂಚಿಕೆಯೇ ಬೇರೆ. ಆದುದರಿಂದ ಫಾಂಟನ್ನು ಗುರುತಿಸುವುದೆಂದರೆ ಮೊದಲು ಈ ಸಂಕೇತಗಳ ಹಂಚಿಕೆಯನ್ನು ಗುರುತಿಸುವುದು, ಚೆಲುವು ಆಮೇಲಿನ ಮಾತು. ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟಿದ್ದರೂ ನಮ್ಮ ಡಿಟಿಪಿ ಮಳಿಗೆಗಳು ಬಹುಕಾಲ ಹಳೆಯ ಹಂಚಿಕೆಯಲ್ಲಿಯೇ ಉಳಿದುದರಿಂದ, ಒಳಪುಟದಲ್ಲಿ ಫಾಂಟಿನ ಹೆಸರೊಂದಿದ್ದರೆ ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ತರುವ ಪರಿವರ್ತಕಕ್ಕೆ ಅರ್ಧ ಕೆಲಸ ಕಡಿಮೆಯಾಗುತ್ತಿತ್ತು. ಕಾಗದದ ತೂಕದಿಂದ ಆ ಉಪಕಾರವಿಲ್ಲ.

ಕಡತವಿಲ್ಲದೆ ಅಚ್ಚಾದ ಪುಟ ಮಾತ್ರ ಕೈಯಲ್ಲಿದ್ದರೆ ಕಣ್ಣೇ ಗತಿ. ‘ಅ’, ‘ಕ’ಗಳನ್ನು ನೋಡಬೇಡಿ, ‘ಶ್ರೀ’, ‘ಕ್ಷ’, ‘ಣ’, ಅರ್ಕಾವೊತ್ತು, ತಲೆಕಟ್ಟಿನ ಬಾಲ, ಇವುಗಳಲ್ಲಿ ವಿನ್ಯಾಸಕಾರನ ಕೈ ಬೇಗ ಬಯಲಾಗುತ್ತದೆ. ಒತ್ತಕ್ಷರ ಸಾಲಿನ ಕೆಳಗೆ ಎಷ್ಟು ಇಳಿದಿದೆ ಎಂಬುದನ್ನೂ ಅಳೆಯಿರಿ. ಲೋಹದ ಅಚ್ಚುಮೊಳೆ ಜೋಡಿಸಿ ಅಚ್ಚುಮಾಡಿದ ಪುಸ್ತಕವಾದರೆ, ಉದಾಹರಣೆಗೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟೆಲ್ ನಿಘಂಟಾದರೆ, ಹುಡುಕಲು ಫಾಂಟ್ ಕಡತವೇ ಇರುವುದಿಲ್ಲ. ಹೋಲುವುದನ್ನು ಆರಿಸಬೇಕು ಅಥವಾ ಸ್ಕ್ಯಾನ್ ಮಾಡಿ ಹೊಸದಾಗಿ ಬರೆಯಬೇಕು.

ಸಮಯದ ಚೀಟಿ ಬಂದಿದೆ. ಬಳಕೆಯ ಬಗ್ಗೆ ಇಟ್ಟುಕೊಂಡಿದ್ದ ಐದು ಅಂಶಗಳಲ್ಲಿ ಎರಡನ್ನಷ್ಟೇ ಹೇಳುತ್ತೇನೆ. ಪಿಡಿಎಫ್‌ನೊಳಗಿನ ಫಾಂಟು ಆ ಪುಟವನ್ನು ತೋರಿಸಲು ಮತ್ತು ಮುದ್ರಿಸಲು ಇರುವುದು. ಅದನ್ನು ಕಿತ್ತು ಹೊಸ ಪುಸ್ತಕಕ್ಕೆ ಹಚ್ಚಲು ಪರವಾನಗಿ ಬೇಕು. ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಅನೇಕ್ ಕನ್ನಡ ಮುಂತಾದವು ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ. ಮಿತ್ರರ ಸಂಕಲನವನ್ನು ಕೊನೆಗೆ ಹೊಸದಾಗಿಯೇ ಟೈಪು ಮಾಡಿಸಿದೆವು. ಎರಡನೆಯದಾಗಿ, ಪಿಡಿಎಫ್‌ಫಾಂಟ್ಸ್ ಎಂಬ ಉಚಿತ ಸಾಧನದ ಪಟ್ಟಿಯಲ್ಲಿ ‘ಯುನಿ’ ಎಂಬ, ಅಕ್ಷರರೂಪಗಳಿಗೆ ಯೂನಿಕೋಡ್ ನಂಟು ಇದೆಯೇ ಎಂದು ಹೇಳುವ, ಕಲಮಿನ ಕೆಳಗೆ ‘ನೋ’ ಎಂದಿದ್ದರೆ ನಕಲಿಸಿದ ಪಠ್ಯವನ್ನು ನಂಬಬೇಡಿ. ‘ಯೆಸ್’ ಎಂದಿದ್ದರೂ ಅರ್ಕಾವೊತ್ತುಗಳನ್ನು ಒಮ್ಮೆ ಓದಿ ನೋಡಿ. ಹಳೆಯ ಕಡತಗಳನ್ನು ತಂದವರು ಚಹಾದ ವೇಳೆಗೆ ಹೊರಗಿನ ಮೇಜಿನ ಬಳಿ ಬನ್ನಿ, ಲ್ಯಾಪ್‌ಟಾಪ್ ಅಲ್ಲಿದೆ.